ಬೆರಳು ಮನೆಗೆ

ಬೆಳಿಗ್ಗೆ ಐದಕ್ಕೆ ನಲ್ಲಿ ಬಂತು. ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸಿದೆ. ಹಾಲು ಕಾಯಿಸಿದೆ. ಅವ್ವನ ಬಿಪಿ ಮಾತ್ರೆ, ನೀರಿನ ಲೋಟ ಅವಳ ತಲೆಯ ಹತ್ತಿರ ಇಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದು, ಎಸರಿಟ್ಟು, ಎಂಟು ರೊಟ್ಟಿ ಬಡಿದೆ. ಒಂದು ಹರಿಯಿತು, ಅದನ್ನು ನಾನೇ ತಿಂದೆ. ಹೆಂಡತಿಯ ಖಾಕಿ ಅಂಗಿಗೆ ಇಸ್ತ್ರಿ ಹಾಕಿದೆ. ಬೂಟಿನ ಪಾಲಿಶ್ ಅವಳೇ ಹಾಕಿಕೊಂಡಳು, ಆ ಕೆಲಸ ಅವಳು ಯಾರಿಗೂ ಬಿಡುವುದಿಲ್ಲ. ಅವಳ ಹತ್ತೂ ಬೆರಳಿನ ಉಗುರು ಕತ್ತರಿಸಿದೆ. ಬಲಗೈ ಕಿರುಬೆರಳಿನ ಉಗುರನ್ನು ಎರಡು ಸಲ ಉಜ್ಜಿ ನುಣುಪು ಮಾಡಿದೆ. ಶಾಲೆಗೆ ಫೋನ್ ಮಾಡಿ ರಜೆ ಹೇಳಿದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಅಂತ ಎರಡು ಸಲ ನೋಡಿದೆ.

ಇದೆಲ್ಲ ಕಳೆದ ಚಳಿಗಾಲದ ಒಂದು ಶುಕ್ರವಾರದ ಪುಟದಲ್ಲಿದೆ. ದಿನಾ ಮಾಡಿದ್ದನ್ನು ಬರೆದಿಡುವುದು ನನ್ನ ಅಭ್ಯಾಸ. ಹರಿಹರದ ಒಂದು ಪ್ರೌಢಶಾಲೆಯಲ್ಲಿ ನಾನು ಗುಮಾಸ್ತ. ಇಡೀ ದಿನ ಬೇರೆಯವರ ಹಾಜರಿ ಬರೆಯುವವನು, ಸಂಜೆ ಮನೆಗೆ ಬಂದು ನಮ್ಮ ಮನೆಯ ಹಾಜರಿ ಬರೆಯುತ್ತೇನೆ. ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ, ನನ್ನ ಅವ್ವ. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ಹೆಂಡತಿ ದಾವಣಗೆರೆಯಲ್ಲಿ ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಖಜಾನೆಯ ಕಾವಲು, ಪ್ರಶ್ನೆಪತ್ರಿಕೆಯ ಗಾಡಿಯ ಜೊತೆ ಬಂದೋಬಸ್ತು, ಮಂತ್ರಿಗಳು ಬಂದರೆ ರಸ್ತೆ ಬದಿ ಬಿಸಿಲು: ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವಳು. ಇಷ್ಟು ವರ್ಷದಲ್ಲಿ ಇಲಾಖೆಯಲ್ಲಿ ಅವಳಾಗಿ ಏನನ್ನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಇದು: ವಲಯ ಮಟ್ಟದ ಗುರಿ ಸ್ಪರ್ಧೆಗೆ ಜಿಲ್ಲೆಯಿಂದ ಪಿಸ್ತೂಲಿಗೆ ಒಬ್ಬ ಹೆಂಗಸನ್ನು ಕಳಿಸುತ್ತಾರೆ, ಆ ಒಬ್ಬಳು ತಾನಾಗಬೇಕು ಅಂತ. ಆಗ ಅವಳಿಗೆ ನಲವತ್ತನಾಲ್ಕು. ಹೆಸರು ಕೊಟ್ಟ ಉಳಿದ ಮೂವರಿಗೆ ಮೂವತ್ತೂ ತುಂಬಿರಲಿಲ್ಲ. ಈ ಸಲ ಬಿಟ್ಟರೆ ಮುಂದಿನ ಸಲ ತನ್ನನ್ನು ಸಾಲಿನಲ್ಲಿ ನಿಲ್ಲಿಸುವುದೂ ಇಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಬಾಯಿ ಬಿಟ್ಟು ಆಡಿರಲಿಲ್ಲ.

ಗುರಿಯ ಚಿಂತೆ ಇರಲಿಲ್ಲ. ಅವಳ ಗುರಿ ಮೊದಲಿನಿಂದ ಗಟ್ಟಿ. ತವರೂರು ಕುಕ್ಕುವಾಡದ ಹೊಲದಲ್ಲಿ ಕವಣೆ ಕಲ್ಲು ಬೀಸಿ ಹಕ್ಕಿ ಓಡಿಸಿ ಬೆಳೆದವಳು. ಚಿಂತೆ ಇದ್ದದ್ದು ಕೈಯದು.

ಪಿಸ್ತೂಲಿನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಅವಳು ಹೇಳಿ ಹೇಳಿ ಇಷ್ಟು ತಿಳಿದುಕೊಂಡೆ. ಗುಂಡುಗಳು ಒಂದು ಚಪ್ಪಟೆ ಕಬ್ಬಿಣದ ಡಬ್ಬಿಯಲ್ಲಿ ಇರುತ್ತವೆ, ಅದಕ್ಕೆ ಮ್ಯಾಗಜೀನ್ ಅನ್ನುತ್ತಾರೆ. ಪಿಸ್ತೂಲಿನ ಹಿಡಿಕೆ ಒಳಗೆ ಪೊಳ್ಳು, ತಳದಲ್ಲಿ ಬಾಯಿ. ಗುಂಡು ಮುಗಿದರೆ ಬಲಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಬೇಕು, ಖಾಲಿ ಮ್ಯಾಗಜೀನ್ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಎಡಗೈ ಸೊಂಟದ ಪಟ್ಟಿಯಿಂದ ತುಂಬಿದ್ದನ್ನು ತೆಗೆದು, ಆ ತಳದ ಬಾಯಿಗೆ ತೂರಿಸಿ, ಅಂಗೈಯ ಬುಡದಿಂದ ಒಂದೇ ಏಟಿಗೆ ಮೇಲಕ್ಕೆ ಹೊಡೆದು ಕೂರಿಸಬೇಕು. ಇದನ್ನು ಎಷ್ಟು ಬೇಗ ಮಾಡುತ್ತಾರೆ ಅನ್ನುವುದಕ್ಕೂ ಸ್ಪರ್ಧೆಯಲ್ಲಿ ಅಂಕವಿದೆ. ಬೇಗ ಮಾಡಲು ಹೋದರೆ ಕೈ ಕಡಿಸಿಕೊಳ್ಳಲು ದಾರಿ ನೂರೆಂಟು. ಗುಂಡು ತುಂಬುವಾಗ ಡಬ್ಬಿಯ ಅಂಚು ಹೆಬ್ಬೆರಳನ್ನು ಗೀರುತ್ತದೆ. ಮೇಲಿನ ಲೋಹದ ಭಾಗ ಹಿಂದಿನಿಂದ ಮುಂದಕ್ಕೆ ಚಿಮ್ಮುವಾಗ ಅಡ್ಡ ಬಂದ ಬೆರಳನ್ನು ಕಚ್ಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬಲಗೈಯ ಕಿರುಬೆರಳಿನ ಕೆಳಗಿನ ಮೆತ್ತನೆಯ ಮಾಂಸ ಹಿಡಿಕೆಯ ತಳಕ್ಕೆ ಇಳಿದಿದ್ದರೆ ಕೆಳಗಿನಿಂದ ಬಂದ ಮ್ಯಾಗಜೀನು ಅದನ್ನು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತದೆ.

ಅವಳಿಗೆ ಆದದ್ದು ಅದೇ. ಆಯ್ಕೆಗೆ ಎರಡೂವರೆ ತಿಂಗಳಿತ್ತು. ಸಂಜೆ ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು, ಬ್ಯಾಗು ಎಡಗೈಯಲ್ಲಿತ್ತು. ನಾಲ್ಕು ಹೊಲಿಗೆ ಬಿದ್ದಿತ್ತು. ಅದೇ ಜಾಗದಲ್ಲಿ ಇನ್ನೊಂದು ಸಲ ಹರಿದರೆ ಅಂಗೈ ಪೂರ್ತಿ ಮುಚ್ಚುವುದು ಕಷ್ಟ ಅಂತ ಡಾಕ್ಟರು ಹೇಳಿದ್ದರಂತೆ. ಕವಾಯತು ಕಲಿಸುವ ಸಾಹೇಬರು ಮೂರು ವಾರ ಪಿಸ್ತೂಲು ಮುಟ್ಟಕೂಡದು ಅಂದಿದ್ದರು. ಅವರು ಒಳ್ಳೆಯವರೇ, ಆದರೆ ಇನ್ನೊಂದು ಮಾತೂ ಹೇಳಿದ್ದರು: ಆಯ್ಕೆಯ ದಿನ ಯಾರ ಕೈಯಲ್ಲಿ ರಕ್ತ ಕಂಡರೂ ಅವರ ಸರದಿ ಅಲ್ಲಿಗೇ ಮುಗಿಯಿತು.

ಅದು ಅವಳಿಗೆ ಮೂರನೇ ಗಾಯ. ಮೊದಲೆರಡು ಬರೀ ಚರ್ಮ ಸುಲಿದದ್ದು. ಉಳಿದ ಮೂವರು ಹುಡುಗಿಯರಿಗೆ ಆ ಜಾಗದಲ್ಲಿ ಒಂದು ಗೀರೂ ಇಲ್ಲ. ಕೈ ಸಣ್ಣದು, ಪಿಸ್ತೂಲು ದೊಡ್ಡದು, ಅದಕ್ಕೇ ಹಾಗಾಗುತ್ತದೆ ಅಂತ ಸಾಹೇಬರ ಅಭಿಪ್ರಾಯ. ಅವಳಿಗೆ ಅದು ಒಪ್ಪಿಗೆ ಆಗಿರಲಿಲ್ಲ. ಸಾಲಿನಲ್ಲಿದ್ದ ಎಲ್ಲರಿಗಿಂತ ಚಿಕ್ಕ ಹುಡುಗಿಯ ಕೈ ಇವಳದಕ್ಕಿಂತ ಸಣ್ಣದು, ಅವಳಿಗೆ ಯಾಕೆ ಆಗುವುದಿಲ್ಲ ಅಂತ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ಕೂತಿದ್ದಳು.

ಹೊಲಿಗೆ ಬಿಚ್ಚಿದ ಮೇಲೆ ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಮರದ ಗೊಂಬೆ ಪಿಸ್ತೂಲು ಮಾಡಿಸಿದೆವು. ಇಲಾಖೆಯ ಪಿಸ್ತೂಲು ಕೆಲಸ ಮುಗಿದ ಕೂಡಲೇ ಆಯುಧ ಇಡುವ ಕೋಠಿಗೆ ವಾಪಸು ಹೋಗಬೇಕು, ಮನೆಗೆ ತರುವ ಮಾತೇ ಇಲ್ಲ. ನಮ್ಮ ಬೀದಿಯ ಬಡಗಿ ಬೇವಿನ ತುಂಡೊಂದರಲ್ಲಿ ಹಿಡಿಕೆಯನ್ನು ಪೊಳ್ಳು ಕೊರೆದು, ಅದರೊಳಗೆ ಕೂರುವ ಹಾಗೆ ಎರಡು ಹಲಗೆ ತುಂಡು ನಯ ಮಾಡಿ ಕೊಟ್ಟ. ನೋಡಲು ಪಿಸ್ತೂಲಿಗಿಂತ ಇಸ್ತ್ರಿಪೆಟ್ಟಿಗೆಯ ಹಿಡಿಯ ಹಾಗಿತ್ತು. ದಿನಾ ಸಂಜೆ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅವಳು ಟಕ್ ಟಕ್ ಅಂತ ಕೂರಿಸುತ್ತಿದ್ದಳು, ನಾನು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದೆ. ಅವ್ವ ಹೊಸ್ತಿಲ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಇರುತ್ತಿದ್ದಳು. ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೇ ದಿನ ಮೊರ ಪಕ್ಕಕ್ಕಿಟ್ಟಳು.

"ನೀನು ಪಿಸ್ತೂಲು ಹೊಡೀತಿಲ್ಲ ಬಿಡವ್ವಾ," ಅಂದಳು. "ರೊಟ್ಟಿ ಬಡೀತಿದಿ."

ಹೆಂಡತಿ ತಿರುಗಿ ನೋಡಿದಳು. ಅತ್ತೆ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಳೋ ಏನೋ, ನಗಲಿಲ್ಲ. ಅವ್ವ ಎದ್ದು ಬಂದು ಅವಳ ಬಲಗೈ ಮಣಿಕಟ್ಟು ಹಿಡಿದು, ಇನ್ನೊಂದು ಸಲ ಮಾಡು, ನಿಧಾನ ಮಾಡು ಅಂದಳು. ಆಗ ನನಗೂ ಕಂಡಿತು. ಎಡಗೈ ಕೆಳಗಿನಿಂದ ಏರಿ ಬರುತ್ತಿದ್ದ ಹಾಗೆ ಬಲಗೈ ಸುಮ್ಮನೆ ಇರುತ್ತಿರಲಿಲ್ಲ. ಕಿರುಬೆರಳು ಹಿಡಿಕೆಯಿಂದ ಎದ್ದು ಹೊರಗೆ ಚಾಚುತ್ತಿತ್ತು, ಅಂಗೈಯ ಅಂಚು ಅಗಲವಾಗಿ ಕೆಳಗೆ ಇಳಿದು ಆ ಏಟನ್ನು ಎದುರುಗೊಳ್ಳಲು ಹೋಗುತ್ತಿತ್ತು. ಜೋಳದ ರೊಟ್ಟಿ ಬಡಿಯುವವರ ಕೈ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲ ಅಂಗೈ ಬೆರಳು ಬಿಡಿಸಿಕೊಂಡು ಬೀಳುತ್ತದೆ, ಬಿದ್ದಾಗ ಅಂಚು ಅಗಲವಾಗಬೇಕು, ಇಲ್ಲದಿದ್ದರೆ ರೊಟ್ಟಿ ಅಗಲವಾಗುವುದಿಲ್ಲ. ಎಡಗೈ ಅಂಚಿನಿಂದ ಅದನ್ನು ತಿರುಗಿಸುತ್ತಿರುತ್ತದೆ. ಒಂದು ಕೈ ಬಂದರೆ ಇನ್ನೊಂದು ಹೋಗಿ ಸೇರಬೇಕು. ಕುಕ್ಕುವಾಡದಲ್ಲಿ ಹತ್ತು ವರ್ಷಕ್ಕೇ ರೊಟ್ಟಿ ಹಲಗೆಯ ಮುಂದೆ ಕೂತವಳು ಇವಳು. ಉಳಿದ ಮೂವರು ಹುಡುಗಿಯರನ್ನು ಆಮೇಲೆ ಕೇಳಿದಳಂತೆ. ಒಬ್ಬಳ ಮನೆಯಲ್ಲಿ ಅನ್ನ, ಮುದ್ದೆ. ಇನ್ನೊಬ್ಬಳ ಮನೆಯಲ್ಲಿ ಚಪಾತಿ. ಚಿಕ್ಕವಳಿಗೆ ರೊಟ್ಟಿ ಬಡಿಯಲು ಬರುವುದೇ ಇಲ್ಲ, ಅವರ ಮನೆಯಲ್ಲಿ ಅಂಗಡಿಯಿಂದ ತರುತ್ತಾರೆ.

ಮೂವತ್ತು ಚಿಲ್ಲರೆ ವರ್ಷ ತವರಿನವರ, ಆಮೇಲೆ ನಮ್ಮೆಲ್ಲರ ಹೊಟ್ಟೆ ತುಂಬಿಸಿದ ಒಂದು ಅಭ್ಯಾಸ ಅವಳ ಅಂಗೈಯನ್ನು ಕತ್ತರಿಗೆ ಕೊಡುತ್ತಿತ್ತು. ಸಾಹೇಬರಿಗೆ ಅದು ಕಾಣದೇ ಹೋದದ್ದು ತಪ್ಪಲ್ಲ. ಅವರು ಪಿಸ್ತೂಲನ್ನು ನೋಡುತ್ತಿದ್ದರು.

ಅವ್ವನಿಗೆ ಕಂಡದ್ದು ಯಾಕೆ ಅನ್ನುವುದನ್ನೂ ಬರೆಯಬೇಕು. ಅವ್ವ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ನೂಲು ಸುತ್ತುವ ವಿಭಾಗದಲ್ಲಿದ್ದವಳು. ಆ ಮಿಲ್ಲು ಮುಚ್ಚಿ ಬಹಳ ಕಾಲವಾಯಿತು. ಉದ್ದ ಸಾಲಿನಲ್ಲಿ ಕದಿರುಗಳು ತಿರುಗುತ್ತಿರುತ್ತಿದ್ದವಂತೆ. ಒಂದರ ಬಾಬಿನ್, ಅಂದರೆ ನೂಲಿನ ಉರುಳೆ, ಖಾಲಿಯಾದರೆ ಯಂತ್ರ ನಿಲ್ಲಿಸದೆ, ಅದನ್ನು ಒಂದು ಕೈಯಲ್ಲಿ ಕಿತ್ತು, ಇನ್ನೊಂದು ಕೈಯಲ್ಲಿ ತುಂಬಿದ್ದನ್ನು ತಳದ ಬಟ್ಟಲಿಗೆ ಒತ್ತಿ ಕೂರಿಸಬೇಕು. ಬಾಬಿನ್‌ಗೂ ಬಟ್ಟಲಿಗೂ ನಡುವೆ ಬೆರಳು ಸಿಕ್ಕರೆ ಹೋಯಿತು. ಕೂಗಿ ಹೇಳಿದರೆ ಕೇಳಿಸದ ಸದ್ದು. ಅದಕ್ಕೇ ಹೊಸದಾಗಿ ಬಂದ ಹೆಂಗಸರಿಗೆ ಹಳಬರು ಮೊದಲ ದಿನವೇ ಕಿವಿಯ ಹತ್ತಿರ ಬಾಯಿಟ್ಟು ಒಂದು ಮಾತು ಹೇಳಿಕೊಡುತ್ತಿದ್ದರಂತೆ.

"ಬಾಬಿನ್ ಒಳಗ ಹೋಗೋಕಿಂತ ಮೊದ್ಲು ಬೆರಳು ಮನಿಗೆ ಹೋಗಿರ್ಬೇಕು," ಅಂದಳು ಅವ್ವ. "ಇಷ್ಟೇ. ಉಳಿದಿದ್ದೆಲ್ಲ ತಾನೇ ಬರ್ತೈತೆ."

ಬೆರಳಿನ ಮನೆ ಅಂದರೆ ಅಂಗೈ. ಮಡಿಚಿಕೊಂಡು ಒಳಗೆ ಇರುವುದು. ಅವ್ವ ಅವಳ ಕಿರುಬೆರಳನ್ನು ಹಿಡಿಕೆಯ ಸುತ್ತ ಮಡಿಚಿ, ಅದರ ಕೆಳಗಿನ ಮಾಂಸವನ್ನು ತನ್ನ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ, ಇಲ್ಲಿಗಿಂತ ಕೆಳಗೆ ಇಳಿಯಬಾರದು ಅಂತ ತೋರಿಸಿದಳು. ಹೊಡೆಯುವ ಕೈ ಬರಲಿ, ಹಿಡಿದ ಕೈ ಎದುರು ಹೋಗಬಾರದು. ಎಡಗೈಯೂ ಅಷ್ಟೇ: ಬೆರಳುಗಳಿಂದ ಸುತ್ತಿ ಹಿಡಿದು ಒತ್ತಬಾರದು, ಬೆರಳು ಹಿಂದಕ್ಕೆ ಬಿಟ್ಟು ಅಂಗೈಯ ಬುಡದಿಂದ ಹೊಡೆಯಬೇಕು.

ಹೇಳುವುದು ಸುಲಭ. ಕೈ ಕೇಳಬೇಕಲ್ಲ. ಅದಕ್ಕೂ ಮಿಲ್ಲಿನಲ್ಲಿ ಒಂದು ಉಪಾಯವಿತ್ತು. ಹೊಸಬರ ಬಟ್ಟಲಿನ ಅಂಚಿಗೆ ಸೀಮೆಸುಣ್ಣ ಬಳಿಯುತ್ತಿದ್ದರು. ಬೆರಳಿಗೆ ಬಿಳಿ ಹತ್ತಿದರೆ ಬೆರಳು ಮನೆಗೆ ಹೋಗಿರಲಿಲ್ಲ ಅಂತ ಲೆಕ್ಕ. ನಮ್ಮ ಮನೆಯಲ್ಲಿ ಸೀಮೆಸುಣ್ಣ ಇರಲಿಲ್ಲ. ಅವ್ವ ಡಬ್ಬಿಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತಂದು, ಒದ್ದೆ ಬೆರಳಿನಿಂದ ಮರದ ಹಿಡಿಕೆಯ ತಳಕ್ಕೆ ಸವರಿದಳು. ಆಮೇಲೆ ಒಂದು ಬಟ್ಟಲಿನಲ್ಲಿ ನೂರು ಹುಣಸೆ ಬೀಜ ಎಣಿಸಿ ಇಟ್ಟಳು. ಹಿಟ್ಟು ಹತ್ತದೆ ಒಂದು ಸಲ ಕೂರಿಸಿದರೆ ಒಂದು ಬೀಜ ಆಚೆ ಬಟ್ಟಲಿಗೆ. ಹಿಟ್ಟು ಹತ್ತಿತೋ, ಆಚೆ ಹೋದ ಬೀಜವೆಲ್ಲ ಈಚೆ ಬಟ್ಟಲಿಗೆ ವಾಪಸು. ನೂರೂ ಆಚೆ ಹೋಗುವವರೆಗೆ ಗಡಿಯಾರ ಯಾರೂ ನೋಡಕೂಡದು ಅಂದಳು. ನಾನು ಮೊಬೈಲು ಒಳಗಿಟ್ಟೆ.

ಮೊದಲ ಸಂಜೆ ಮೂರು ಬೀಜ ದಾಟಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅವ್ವ ಇನ್ನೊಂದು ಮಾತು ತೆಗೆದಳು. ಬೆಳಿಗ್ಗೆ ಹತ್ತು ರೊಟ್ಟಿ ಬಡಿದು ಸಂಜೆ ರೊಟ್ಟಿ ಬಡಿಯಬೇಡ ಅಂದರೆ ಕೈ ಯಾರ ಮಾತು ಕೇಳಬೇಕು? ಆಯ್ಕೆ ಮುಗಿಯುವವರೆಗೆ ಸೊಸೆ ಹಿಟ್ಟಿಗೆ ಕೈ ಹಾಕಬಾರದು. ತನ್ನ ರಟ್ಟೆಯಲ್ಲಿ ಈಗ ಶಕ್ತಿ ಇಲ್ಲ. ಇಷ್ಟು ಹೇಳಿ ನನ್ನ ಕಡೆ ನೋಡಿದಳು. ಹೆಂಡತಿಯೂ ನೋಡಿದಳು. ನಾನು ಅನ್ನ ಮಾಡೋಣ ಅಂತ ಹೇಳಿ ನೋಡಿದೆ. ಅನ್ನ ಉಂಡರೆ ತನಗೆ ಮೈದಾನದಲ್ಲಿ ಹನ್ನೊಂದಕ್ಕೇ ಹಸಿವಾಗುತ್ತದೆ ಅಂದಳು ಹೆಂಡತಿ.

ಹೀಗೆ ನಲವತ್ತೇಳನೇ ವಯಸ್ಸಿನಲ್ಲಿ ನಾನು ರೊಟ್ಟಿ ಬಡಿಯಲು ಕೂತೆ. ಹಿಟ್ಟು ಪಕ್ಕದ ಊರು ಸಾರಥಿಯ ಜೋಳದ್ದು, ಒಳ್ಳೆಯ ಜಿಗುಟು. ಅದರ ತಪ್ಪು ಏನೂ ಇರಲಿಲ್ಲ. ಮೊದಲ ವಾರ ನನ್ನ ರೊಟ್ಟಿಗೆ ಒಂದೊಂದು ದಿನ ಒಂದೊಂದು ಆಕಾರ. ಹಲಗೆಯಿಂದ ಎತ್ತಿ ಹಂಚಿಗೆ ಹಾಕುವ ನಡುವೆ ಎರಡಾಗುತ್ತಿತ್ತು. ಮಗಳು ಫೋನಿನಲ್ಲಿ, ಅಪ್ಪಾ ಒಂದು ಫೋಟೋ ಕಳಿಸು, ರೂಮಿನವರಿಗೆ ತೋರಿಸ್ತೀನಿ ಅಂತ ನಗುತ್ತಿದ್ದಳು. ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ಹಿಟ್ಟಿನ ಬೆರಳಚ್ಚು ಮೂಡಿತ್ತು, ಮುಖ್ಯೋಪಾಧ್ಯಾಯರು ಅದನ್ನು ನೋಡಿ ಅದರ ಪಕ್ಕದಲ್ಲೇ ಸಹಿ ಹಾಕಿದರು. ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಹಿತ್ತಲಿಗೆ ತೆರೆಯುತ್ತದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಆ ಮನೆಯ ಹೆಂಗಸು ಎರಡು ದಿನ ಸದ್ದು ಕೇಳಿ, ಮೂರನೇ ದಿನ ಇಣುಕಿ ನೋಡಿದರು.

"ಏನಣ್ಣಾರ, ಮನ್ಯಾಗ ಪೊಲೀಸ್ ಕಾವಲು ಹಾಕಿ ರೊಟ್ಟಿ ಬಡಿಸ್ತಾರೇನ್ರಿ?"

"ಹೌದ್ರಿ," ಅಂದೆ. "ಜಾಮೀನು ಇನ್ನೂ ಸಿಕ್ಕಿಲ್ಲ."

ಮೂರನೇ ವಾರದ ಹೊತ್ತಿಗೆ ರೊಟ್ಟಿ ದುಂಡಗಾಯಿತು. ಅಂಗೈ ಅಗಲವಾಗಿ ಬೀಳಬೇಕು, ಕಿರುಬೆರಳು ಹೊರಗೆ ಚಾಚಬೇಕು ಅಂತ ನನಗೆ ಹೇಳಿಕೊಟ್ಟವಳು ಹೆಂಡತಿಯೇ. ಅವಳ ಕೈಯಿಂದ ಏನನ್ನು ಬಿಡಿಸುತ್ತಿದ್ದೆವೋ ಅದು ನನ್ನ ಕೈಗೆ ಬರುತ್ತಿತ್ತು. ಬೆಳಿಗ್ಗೆ ಅವಳು ನನ್ನ ಪಕ್ಕ ನಿಂತು ಬೆರಳು ಬಿಡಿಸ್ರಿ, ಬಿಡಿಸ್ರಿ ಅನ್ನುವುದು. ಸಂಜೆ ಅವ್ವ ಅವಳ ಪಕ್ಕ ಕೂತು ಮಡಿಚು, ಮಡಿಚು ಅನ್ನುವುದು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುವಾಗ ನನಗೇ ನಗು ಬಂದಿತ್ತು.

ಬೀಜಗಳು ಮೂರರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ನಲವತ್ತಕ್ಕೆ ಏರಿದವು. ಸಾಹೇಬರು ನಿಜವಾದ ಪಿಸ್ತೂಲು ಮತ್ತೆ ಕೈಗೆ ಕೊಟ್ಟರು. ಅಲ್ಲಿಯೂ ಅವಳು ಆ ಮಾತನ್ನೇ ಬಾಯೊಳಗೆ ಹೇಳಿಕೊಂಡು ನಿಧಾನವಾಗಿ ಮಾಡುತ್ತಿದ್ದಳು. ಸಾಹೇಬರು ಅದೇನು ಮಂತ್ರ ಅಂತ ಕೇಳಿದಾಗ, ನಮ್ಮ ಅತ್ತೆ ಹೇಳಿಕೊಟ್ಟದ್ದು ಸರ್ ಅಂದಳಂತೆ. ಅವರು ಅರ್ಥ ಕೇಳಿ ತಿಳಿದುಕೊಂಡು, ಹಿಡಿಕೆಯ ತಳಕ್ಕೆ ತಾವೇ ಸೀಮೆಸುಣ್ಣ ಹಚ್ಚಿ ನೋಡಿದರಂತೆ.

ಆದರೂ ಆಯ್ಕೆಗೆ ಹದಿನಾಲ್ಕು ದಿನ ಇರುವಾಗ ಒಂದು ಸಂಜೆ ಎಲ್ಲ ಕೆಟ್ಟಿತು. ಚಿಕ್ಕ ಹುಡುಗಿ ಎರಡು ಸೆಕೆಂಡಿನೊಳಗೆ ಮುಗಿಸುತ್ತಾಳೆ ಅನ್ನುವ ಸುದ್ದಿ ಅವತ್ತು ಮೈದಾನದಲ್ಲಿ ಬಂದಿತ್ತು. ಮನೆಗೆ ಬಂದವಳು ಕೈಕಾಲು ತೊಳೆದು ಚಹ ಕೂಡ ಕುಡಿಯದೆ ಮರದ ಪಿಸ್ತೂಲು ಹಿಡಿದಳು. ಬೀಜಗಳು ಜರಜರ ಆಚೆ ಹೋದವು. ತೊಂಬತ್ತೊಂದು ಆಗಿತ್ತು. ನಾನು ನೋಡುತ್ತಿದ್ದೆ, ಅವತ್ತೇ ನೂರಾಗುತ್ತದೆ ಅಂತ. ಅವಳ ಕೈ ಇನ್ನೂ ಜೋರಾಯಿತು. ತೊಂಬತ್ತೆರಡನೆಯದಕ್ಕೆ ಸದ್ದು ಬೇರೆ ಬಂತು. ಅವಳು ತುಟಿ ಕಚ್ಚಿದಳು. ಅಂಗೈಯ ಅಂಚಿನಲ್ಲಿ, ಹೊಲಿಗೆಯ ಗುರುತಿನ ಪಕ್ಕದಲ್ಲೇ, ಬಿಳಿ ಗೆರೆ. ಮರವಾದ್ದರಿಂದ ಚರ್ಮ ಹರಿಯಲಿಲ್ಲ, ಕೆಂಪಗಾಯಿತು ಅಷ್ಟೇ. ಕಬ್ಬಿಣವಾಗಿದ್ದರೆ ಅವತ್ತಿಗೇ ಮುಗಿಯುತ್ತಿತ್ತು.

ಅವ್ವ ಬಟ್ಟಲು ಎತ್ತಿ ತೊಂಬತ್ತೊಂದು ಬೀಜವನ್ನೂ ಈಚೆ ಸುರಿದಳು.

"ಇರ್ಲಿ ಬಿಡ್ರಿ ಅತ್ತೆ," ಅಂದಳು ಹೆಂಡತಿ. ಧ್ವನಿ ಗಟ್ಟಿಯಾಗಿತ್ತು. "ಇದು ನಿಮ್ಮ ಕಾಲದ ಮಿಲ್ಲಲ್ಲ. ಇಲ್ಲಿ ಗಡಿಯಾರ ಐತೆ. ನಿಧಾನ ಮಾಡಿದ್ರೆ ನನ್ನ ಕೈ ಉಳೀತೈತೆ, ನಾನು ಮಾತ್ರ ಮನ್ಯಾಗ ಉಳೀತೀನಿ."

ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಅವ್ವನಿಗೆ ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಅವ್ವ ಸಿಟ್ಟಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಅವಳ ಮುಂದೆ ಚಾಚಿದಳು.

"ಎಣಿಸು," ಅಂದಳು. "ಇಷ್ಟು ತಗಂಡು ಆ ಮಿಲ್ಲಿಗೆ ಹೋದೆ. ಬಾಗ್ಲು ಮುಚ್ಚಿದ ದಿನ ಇಷ್ಟೂ ತಗಂಡು ಬಂದೆ. ನಮ್ಮ ಸಾಲಿನಾಗ ಹನ್ನೊಂದು ಮಂದಿ ಇದ್ವಿ. ಎಲ್ಲಾರಿಗಿಂತ ಜಾಸ್ತಿ ಬಾಬಿನ್ ಹಾಕ್ತಿದ್ದೋಳು ಯಾರು ಅಂತ ಮೇಸ್ತ್ರಿನ ಕೇಳ್ಬೇಕಿತ್ತು ನೀನು. ಓಡೋ ಕೈ ಒಂದಿನ ಓಡ್ತೈತೆ. ಇರೋ ಕೈ ಇಪ್ಪತ್ತೆರಡು ವರ್ಷ ಓಡ್ತೈತೆ."

ಹೆಂಡತಿ ಆ ಬೆರಳುಗಳನ್ನು ನೋಡುತ್ತ ನಿಂತಳು. ಗಂಟು ಗಂಟಾಗಿ ಬಾಗಿವೆ, ಆದರೆ ಹತ್ತೂ ಇವೆ. ಅವಳು ಕೂತು ಚಹ ಕುಡಿದಳು. ಆಮೇಲೆ ಹಿಡಿಕೆಯ ತಳಕ್ಕೆ ತಾನೇ ಹಿಟ್ಟು ಹಚ್ಚಿಕೊಂಡು ಒಂದರಿಂದ ಶುರು ಮಾಡಿದಳು. ಅವತ್ತು ಇಪ್ಪತ್ತು ಆದ ಮೇಲೆ ಅವ್ವ ತಾನಾಗಿಯೇ ನಿಲ್ಲಿಸಿದಳು, ದಣಿದ ಕೈಗೆ ಮನೆ ದಾರಿ ನೆನಪಿರುವುದಿಲ್ಲ ಅಂತ. ನೂರನೇ ಬೀಜ ಆಚೆ ಹೋದದ್ದು ಐದು ದಿನ ಬಿಟ್ಟು, ಒಂದು ಬುಧವಾರ. ಆಮೇಲೆ ಮೊಬೈಲು ಹೊರಗೆ ತೆಗೆದೆವು. ನೋಡಿದರೆ ಎರಡು ಸೆಕೆಂಡಿಗೆ ಸ್ವಲ್ಪ ಮೇಲೆ. ಅವಸರ ಬಿಟ್ಟ ಮೇಲೆ ವೇಗ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಆ ಶುಕ್ರವಾರ. ಗುರಿ ಹೊಡೆಯುವ ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು, ಅದರಲ್ಲಿ ಇವಳೇ ಮುಂದು. ಉಳಿದದ್ದು ಕವಾಯತು ಮೈದಾನದಲ್ಲಿ, ಹಿತ್ತಾಳೆಯ ಸಿಡಿಯದ ಗುಂಡು ಹಾಕಿ, ಹತ್ತು ಸಲ ಮ್ಯಾಗಜೀನ್ ಬದಲಿಸುವುದು. ಅವಳು ಏಳರ ಬಸ್ಸಿಗೆ ಹೋದಳು. ನಾನೊಬ್ಬನೇ ಹೋಗಿ ಹೊರಗೆ ಕಾಯುವುದು ಅಂತ ಇತ್ತು. ಚಪ್ಪಲಿ ಮೆಟ್ಟುವಾಗ ನೋಡಿದರೆ ಅವ್ವ ಇಳಕಲ್ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

ದಾವಣಗೆರೆಯಲ್ಲಿ ಮೈದಾನದ ಗೇಟಿನ ಹೊರಗೆ ಒಂದು ಬೇವಿನ ಮರ, ಅದರ ಕಟ್ಟೆಯ ಮೇಲೆ ಕೂತೆವು. ಗೋಡೆ ಎತ್ತರ, ಒಳಗಿನದು ಏನೂ ಕಾಣುವುದಿಲ್ಲ. ಸೀಟಿಯ ಸದ್ದು ಮಾತ್ರ ಕೇಳುತ್ತದೆ; ಒಂದು ಸಲಕ್ಕೆ ಒಂದು ಸೀಟಿ. ಗೇಟಿನ ಪಹರೆಯವನು ಅವಳ ಜೊತೆ ಕೆಲಸ ಮಾಡಿದವನು, ಅವ್ವನಿಗೆ ನೀರು ತಂದುಕೊಟ್ಟ. ಮೂವರದು ಮುಗಿಯಿತು. ಅವನು ಒಳಗೆ ಇಣುಕಿ, "ಈಗ ನಮ್ಮ ಅಕ್ಕಾರ್ದು ನೋಡ್ರಿ," ಅಂದ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹತ್ತು ಹುಣಸೆ ಬೀಜ ತಂದಿದ್ದಳು. ಸೀಟಿ ಬಂತು, ಒಂದು ಬೀಜ ಬಲಗೈಯಿಂದ ಎಡಗೈಗೆ. ಮತ್ತೆ ಸೀಟಿ, ಮತ್ತೊಂದು. ಐದಾಯಿತು. ಆರು ಆಯಿತು. ಏಳನೇ ಸೀಟಿ ಬರಲಿಲ್ಲ.

ನಾನು ಎದ್ದು ನಿಂತೆ. ಪಹರೆಯವನು ಒಳಗೆ ನೋಡಿ, ಸಾಹೇಬರು ಅಕ್ಕನ ಕೈ ಹಿಡಿದು ನೋಡುತ್ತಿದ್ದಾರೆ ಅಂದ. ಅವ್ವ ತಲೆ ಎತ್ತಲಿಲ್ಲ. ಉಳಿದ ನಾಲ್ಕು ಬೀಜವನ್ನು ಬಲಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು, ಕಿರುಬೆರಳು ಒಳಗೆ ಮಡಿಚಿತ್ತು. ರಸ್ತೆಯಲ್ಲಿ ಸಿಟಿ ಬಸ್ಸೊಂದು ಹೋಯಿತು. ಎಳನೀರಿನವನು ಕೊಚ್ಚುವ ಸದ್ದು ಕೇಳುತ್ತಿತ್ತು. ನಾನು ಎಷ್ಟು ಹೊತ್ತು ನಿಂತಿದ್ದೆನೋ, ಸೀಟಿ ಬಂತು. ಅವ್ವ ಬೀಜ ದಾಟಿಸಿದಳು. ಎಂಟು, ಒಂಬತ್ತು, ಹತ್ತು ಒಂದರ ಹಿಂದೆ ಒಂದು ಬಂದುಬಿಟ್ಟವು.

ಅರ್ಧ ಗಂಟೆಯ ಮೇಲೆ ಅವಳು ಗೇಟಿಗೆ ಬಂದಳು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ, ಅದು ಪಹರೆಯ ಮುಖ. ನೇರವಾಗಿ ಅವ್ವನ ಮುಂದೆ ಬಂದು ಬಲ ಅಂಗೈ ಚಾಚಿದಳು. ಹಳೆಯ ಹೊಲಿಗೆಯ ಗುರುತು, ಒಂದಿಷ್ಟು ಎಣ್ಣೆಯ ಕಪ್ಪು. ಬೇರೇನೂ ಇಲ್ಲ. ಹಳೆಯ ಗುರುತು ಕೆಂಪಗೆ ಕಂಡಿತ್ತಂತೆ, ಸಾಹೇಬರು ರಕ್ತವೆಂದು ನಿಲ್ಲಿಸಿ ಬಟ್ಟೆಯಿಂದ ಒರೆಸಿ ನೋಡಿದರಂತೆ. ಬಟ್ಟೆ ಬೆಳ್ಳಗೇ ಇತ್ತು. ವೇಗದಲ್ಲಿ ಚಿಕ್ಕ ಹುಡುಗಿಯೇ ಮುಂದು, ಇವಳು ಎರಡನೆಯವಳು. ಗುರಿಯ ಅಂಕವನ್ನೂ ಸೇರಿಸಿದರೆ ಜಿಲ್ಲೆಯಿಂದ ಹೋಗುವವಳು ಇವಳು.

"ಹೋಗ್ತಿದಿಯಾ ಹಂಗಾರೆ?" ಅಂದಳು ಅವ್ವ.

"ಹೋಗ್ತಿದೀನ್ರಿ ಅತ್ತೆ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ಸಾಹೇಬರ ಧ್ವನಿ ಕೇಳಿತು. ಹೊಸ ತಂಡದ ಹುಡುಗರಿಗೆ ಅಭ್ಯಾಸ ಶುರುವಾಗಿತ್ತು. ಬಲವಾದ ಕವಾಯತು ಧ್ವನಿ: "ಬೆರಳು ಮನಿಗೆ!" ಕೂಡಲೇ ಹದಿನೈದಿಪ್ಪತ್ತು ಮ್ಯಾಗಜೀನು ಒಟ್ಟಿಗೆ ಕೂತ ಸದ್ದು. ಮತ್ತೆ, "ಬೆರಳು ಮನಿಗೆ!" ಮತ್ತೆ ಸದ್ದು. ಒಂದು ವಾರದಿಂದ ಎಲ್ಲರಿಗೂ ಹೀಗೇ ಹೇಳುತ್ತಿದ್ದಾರೆ ಅಂದಳು ಹೆಂಡತಿ. ನಮಗೆ ಹೇಳಿರಲಿಲ್ಲ, ಆಯ್ಕೆ ಆಗಲಿ ಅಂತ ಇಟ್ಟುಕೊಂಡಿದ್ದಳಂತೆ. ಚಿಕ್ಕ ಹುಡುಗಿಯೂ ಕೈ ಇಡುವುದನ್ನು ಕಲಿಸಿಕೊಡು ಅಕ್ಕಾ ಅಂತ ಕೇಳಿದ್ದಾಳೆ, ಸೋಮವಾರದಿಂದ ಕಲಿಸಬೇಕು.

ಅವ್ವ ಕಟ್ಟೆಯ ಮೇಲೆ ಕೂತೇ ಇದ್ದಳು. ಆ ಮಿಲ್ಲಿನ ಜಾಗದಲ್ಲಿ ಈಗ ಅವಳಿಗೆ ಗುರುತು ಸಿಗುವಂಥದ್ದು ಏನೂ ಉಳಿದಿಲ್ಲ. ಅವಳ ಸಾಲಿನ ಹನ್ನೊಂದು ಮಂದಿಯಲ್ಲಿ ಇನ್ನಿಬ್ಬರು ಇದ್ದಾರೆ. ಗೋಡೆಯ ಕಡೆ ಕಿವಿ ಕೊಟ್ಟು ನಾಲ್ಕೈದು ಸಲ ಕೇಳಿಸಿಕೊಂಡಳು.

"ನಮ್ಮ ಮಿಲ್ಲಿನ ಮಾತು," ಅಂದಳು. "ಗಂಡಸ್ರ ಬಾಯಾಗ ಚಲೋ ಕೇಳ್ತೈತೆ."

ಎದ್ದು ನಿಲ್ಲುವಾಗ ನನ್ನ ಕೈ ಹಿಡಿಯಲಿಲ್ಲ. ಬಸ್ ನಿಲ್ದಾಣದವರೆಗೂ ಮುಂದೆ ಮುಂದೆ ನಡೆದಳು. ಖಾಕಿಯವಳೊಬ್ಬಳು ಇಳಕಲ್ ಸೀರೆಯವಳ ಹಿಂದೆ ಹೋಗುವುದನ್ನು ಜನ ತಿರುಗಿ ನೋಡುತ್ತಿದ್ದರು, ನಾನು ಇಬ್ಬರ ಬ್ಯಾಗೂ ಹಿಡಿದು ಹಿಂದಿದ್ದೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ.

ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಸ್ಸಿನಲ್ಲೇ ತಿಂದೆವು. ಮನೆಗೆ ಬಂದ ಮೇಲೆ ಹೆಂಡತಿ, ಇವತ್ತೊಂದು ದಿನ ನಾನೇ ಬಡಿಯುತ್ತೇನೆ ಅಂತ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಸ್ಪರ್ಧೆ ಮುಗಿಯುವ ತನಕ ಆ ಕೈ ನಿನ್ನದಲ್ಲ ಅಂತ ಅವ್ವ ಡಬ್ಬಿ ಕಿತ್ತುಕೊಂಡು ನನ್ನ ಮುಂದೆ ಇಟ್ಟಳು. ಒಂಬತ್ತು ರೊಟ್ಟಿ ಬಡಿದೆ, ಒಂಬತ್ತೂ ದುಂಡಗೆ ಬಂದವು. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಒಂದು ಹಿಡಿ ಅನ್ನಕ್ಕೆ ಸಾರು. ಹೆಂಡತಿ ನಾಲ್ಕು ರೊಟ್ಟಿ ತಿಂದಳು, ನಾನು ಮೂರು, ಅವ್ವ ಎರಡು. ಅವಳು ಯಾವತ್ತೂ ಒಂದಕ್ಕೇ ಸಾಕು ಅನ್ನುವವಳು. ಪಾತ್ರೆ ತೊಳೆದು ನಾನು ಒಳಗೆ ಬರುವಷ್ಟರಲ್ಲಿ ಅವ್ವನಿಗೆ ನಿದ್ದೆ ಬಂದಿತ್ತು.